ಟ್ಯಾಲಿ ಎಲ್ಲಿದೆ ಭಾವ? ಐಕಾನ್ ತುಂಬಿದ ಡೆಸ್ಕ್‌ಟಾಪನ್ನು ಹದಕ್ಕೆ ತರುವ ಬಗೆ

ನಮ್ಮ ಭಾವ ತಿಪಟೂರಿನಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾರೆ. ಜೆರಾಕ್ಸ್ ಅನ್ನೋದು ಹೆಸರಿಗಷ್ಟೇ. ಡಿಟಿಪಿ, ಪಹಣಿ ಪ್ರಿಂಟು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಲಗ್ನಪತ್ರಿಕೆ, ಪಕ್ಕದ ಹಾರ್ಡ್‌ವೇರ್ ಅಂಗಡಿಯ ಬಿಲ್ಲು, ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಂಗಡಿಯಲ್ಲಿ ಸುಮ್ನೆ ಕೂತಿದ್ದೆ. ಯಾರೋ ಬಂದು ಹಿಂದಿನ ವಾರದ ಬಿಲ್ ಕೇಳಿದರು. ಭಾವ ಮಾನಿಟರಿಗೆ ಮೂಗು ತಾಗುವಷ್ಟು ಬಗ್ಗಿ ಹುಡುಕತೊಡಗಿದರು. "ಇಲ್ಲೇ ಇತ್ತಲ್ಲ ಟ್ಯಾಲಿ... ನಿನ್ನೆ ಇದೇ ಮೂಲೆಯಲ್ಲಿತ್ತು." ಟ್ಯಾಲಿ ಅಂದರೆ ಬಿಲ್ಲು, ಲೆಕ್ಕ ಇಡುವ ಪ್ರೋಗ್ರಾಮು.

ನಾನು ಬೆನ್ನ ಹಿಂದೆ ನಿಂತು ಎಣಿಸಿದೆ. 143 ಐಕಾನ್. ಹಿಂದಿನ ತಿರುಪತಿ ತಿಮ್ಮಪ್ಪನ ವಾಲ್‌ಪೇಪರಿನಲ್ಲಿ ಕಿರೀಟ ಒಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಭಾವ, ಇದನ್ನ ಸ್ವಲ್ಪ ಸರಿ ಮಾಡ್ಲಾ?" ಅಂದೆ.

"ಏನೂ ಮುಟ್ಬೇಡ ಮಾರಾಯ. ಎಲ್ಲಾ ಎಲ್ಲಿದೆ ಅಂತ ನಂಗೊತ್ತು."

ಗೊತ್ತಿರಲಿಲ್ಲ. ಮಧ್ಯಾಹ್ನ ಅವರು ಊಟಕ್ಕೆ ಹೋದ ಮೇಲೆ ಫೋನಿನಲ್ಲಿ ಒಪ್ಪಿಸಿ ಕೆಲಸ ಶುರು ಮಾಡಿದೆ. ಒಟ್ಟು ಒಂದೂವರೆ ಗಂಟೆ ಹಿಡಿಯಿತು. ಅವತ್ತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಂಡೋಸ್ 10 ಮತ್ತು 11 ಎರಡಕ್ಕೂ ಆಗುತ್ತದೆ. ಇಲ್ಲಿ ಡೆಸ್ಕ್‌ಟಾಪ್ ಅಂದರೆ ಮೇಜಿನ ಮೇಲಿರುವ ಇಡೀ ಕಂಪ್ಯೂಟರ್ ಅಲ್ಲ. ಆನ್ ಮಾಡಿದ ತಕ್ಷಣ ಕಾಣುವ, ಐಕಾನ್‌ಗಳು ಕೂತಿರುವ ಪರದೆ.

ನನ್ನ ಪ್ರಕಾರ ಡೆಸ್ಕ್‌ಟಾಪ್ ಮನೆಯ ಜಗಲಿ ಇದ್ದ ಹಾಗೆ. ಬಂದವರು ಕೂತು, ಮಾತಾಡಿ, ಎದ್ದು ಹೋಗುವ ಜಾಗ. ನಾವು ಅಲ್ಲೇ ಅಕ್ಕಿ ಮೂಟೆಯನ್ನೂ ಇಡುತ್ತೇವೆ, ಹಳೇ ಸೈಕಲ್ಲನ್ನೂ ಒರಗಿಸುತ್ತೇವೆ. ಆಮೇಲೆ ಬಂದವರಿಗೆ ಕೂರಲು ಜಾಗ ಇಲ್ಲ. ಇನ್ನೂ ಒಂದು ಮಾತು. ಹೆಸರು ಹಿಡಿದು ಕೂಗಿದರೆ ಓಡಿ ಬರುವವರನ್ನು ಜಗಲಿಯಲ್ಲಿ ಕಾಯಿಸಿ ಕೂರಿಸುವ ಅಗತ್ಯವೇ ಇಲ್ಲ. ಕಂಪ್ಯೂಟರಿನ ಪ್ರೋಗ್ರಾಮ್‌ಗಳು ಕೂಗಿದರೆ ಬರುವಂಥವು.

ಮೊದಲು ಒಂದು ಫೋಟೊ

ಏನನ್ನೂ ಮುಟ್ಟುವ ಮುಂಚೆ ವಿಂಡೋಸ್ ಕೀ (ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿರುವ ಕೀ) ಜೊತೆ ಡಿ ಒತ್ತಿ. ತೆರೆದ ಕಿಟಕಿಗಳೆಲ್ಲ ಕೆಳಗಿಳಿದು ಡೆಸ್ಕ್‌ಟಾಪ್ ಕಾಣುತ್ತದೆ. ಈಗ ವಿಂಡೋಸ್ ಕೀ ಜೊತೆ ಪ್ರಿಂಟ್‌ಸ್ಕ್ರೀನ್ ಒತ್ತಿ. ಪರದೆಯ ಚಿತ್ರ 'ಪಿಕ್ಚರ್ಸ್' ಒಳಗಿನ 'ಸ್ಕ್ರೀನ್‌ಶಾಟ್ಸ್' ಫೋಲ್ಡರಿಗೆ ಹೋಗಿ ಕೂರುತ್ತದೆ.

ಇದು ಯಾಕೆ ಅಂದರೆ, ಮುಂದೆ ನಾವು ಐಕಾನ್‌ಗಳನ್ನು ವಿಂಗಡಿಸುತ್ತೇವೆ. ಒಮ್ಮೆ ವಿಂಗಡಿಸಿದರೆ ಹಳೆಯ ಜೋಡಣೆ ವಾಪಸ್ ಬರಲ್ಲ. ಭಾವನಂಥವರು "ಬಲಗಡೆ ಮೇಲಿಂದ ಮೂರನೇದು ಎಲ್ಲಿ ಹೋಯ್ತು?" ಅಂತ ಕೇಳಿದಾಗ ತೋರಿಸಲು ಫೋಟೊ ಇರಲಿ. ಅವರು ಕೇಳಿಯೇ ಕೇಳಿದರು.

ಬಾಣ ಇದೆಯಾ, ಇಲ್ವಾ?

ಈ ಇಡೀ ಕೆಲಸದಲ್ಲಿ ತಿಳಿಯಬೇಕಾದ್ದು ಒಂದೇ ಅಂದರೆ ಇದು. ಐಕಾನಿನ ಎಡ ಕೆಳಮೂಲೆ ನೋಡಿ. ಅಲ್ಲಿ ಪುಟ್ಟ ಬಾಣದ ಗುರುತು ಇದ್ದರೆ ಅದು ಶಾರ್ಟ್‌ಕಟ್. ಅಂದರೆ ಮನೆಯ ಬಾಗಿಲು ತೋರಿಸುವ ಬೋರ್ಡು ಮಾತ್ರ. ಬೋರ್ಡು ಕಿತ್ತರೆ ಮನೆ ಬೀಳುವುದಿಲ್ಲ. ಟ್ಯಾಲಿಯ ಶಾರ್ಟ್‌ಕಟ್ ಡಿಲೀಟ್ ಮಾಡಿದರೆ ಟ್ಯಾಲಿಯೂ ಹೋಗಲ್ಲ, ಲೆಕ್ಕವೂ ಹೋಗಲ್ಲ.

ಬಾಣ ಇಲ್ಲದಿದ್ದರೆ ಅದು ನಿಜವಾದ ವಸ್ತು. ಫೈಲ್, ಫೋಟೊ, ಫೋಲ್ಡರ್. ಅದನ್ನು ಡಿಲೀಟ್ ಮಾಡಿದರೆ ಹೋಯಿತು ಅಂತಲೇ ಲೆಕ್ಕ. 'ದಿಸ್ ಪಿಸಿ', 'ರಿಸೈಕಲ್ ಬಿನ್' ಮುಂತಾದ ಎರಡು-ಮೂರು ಮಾತ್ರ ಬಾಣವಿಲ್ಲದ ಸಿಸ್ಟಮ್ ಐಕಾನ್‌ಗಳು. ಅವುಗಳ ಗೊಡವೆಗೆ ಹೋಗಬೇಡಿ.

ಎರಡನ್ನೂ ಬೇರೆ ಮಾಡಲು ಒಂದೊಂದಾಗಿ ಎಳೆಯಬೇಕಿಲ್ಲ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, 'ಸಾರ್ಟ್ ಬೈ', ಅದರಲ್ಲಿ 'ಐಟಂ ಟೈಪ್' ಆರಿಸಿ. ಶಾರ್ಟ್‌ಕಟ್‌ಗಳೆಲ್ಲ ಒಂದು ಕಡೆ, ಪಿಡಿಎಫ್‌ಗಳೆಲ್ಲ ಒಂದು ಕಡೆ, ಫೋಟೊಗಳೆಲ್ಲ ಒಂದು ಕಡೆ ಸೇರುತ್ತವೆ. ಭಾವನ 143ರಲ್ಲಿ ಶಾರ್ಟ್‌ಕಟ್ 38 ಮಾತ್ರ. ಉಳಿದ ನೂರಕ್ಕೂ ಜಾಸ್ತಿ ಫೈಲುಗಳೇ. ಟ್ಯಾಲಿ ಕಳೆದುಹೋಗಿದ್ದು ಬೇರೆ ಪ್ರೋಗ್ರಾಮ್‌ಗಳ ನಡುವೆ ಅಲ್ಲ. ಯಾರದೋ ಮಾರ್ಕ್ಸ್ ಕಾರ್ಡಿನ ಸ್ಕ್ಯಾನುಗಳ ನಡುವೆ.

ಬಾಣದ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಜೆರಾಕ್ಸ್ ಅಂಗಡಿಗಳಲ್ಲಿ ಪೆನ್‌ಡ್ರೈವ್ ಹಾಕಿದಾಗ ಒಳಗಿನ ಫೋಲ್ಡರುಗಳ ಮೇಲೆಲ್ಲ ಬಾಣ ಕಂಡರೆ ಅಲ್ಲೇ ನಿಲ್ಲಿ. ಅದು 'ಶಾರ್ಟ್‌ಕಟ್ ವೈರಸ್'. ನಿಜವಾದ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದೆ ನಿಲ್ಲಿಸಿರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದಿರೋ, ನಿಮ್ಮ ಕಂಪ್ಯೂಟರಿಗೂ ಹತ್ತುತ್ತದೆ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಆ್ಯಂಟಿವೈರಸ್‌ನಿಂದ ಮೊದಲು ಸ್ಕ್ಯಾನ್ ಮಾಡಿ. ಗಿರಾಕಿ ಎಷ್ಟೇ ಅವಸರ ಮಾಡಲಿ.

ಫೈಲುಗಳಿಗೆ ಒಂದು ಮನೆ

ಡೆಸ್ಕ್‌ಟಾಪ್ ಕೂಡ ಒಂದು ಫೋಲ್ಡರೇ. ಸಿ ಡ್ರೈವ್‌ನಲ್ಲಿ 'ಯೂಸರ್ಸ್' ಒಳಗೆ, ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಅದು ಇರುತ್ತದೆ. ಇದು ನನಗೆ ಗೊತ್ತಾಗಿದ್ದು ಕೆಟ್ಟ ಮೇಲೆ. ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರ್ ಕೈಕೊಟ್ಟಾಗ ರಿಪೇರಿಯವರು ಫೋನ್ ಮಾಡಿ, "ಸಿ ಡ್ರೈವ್ ಫಾರ್ಮ್ಯಾಟ್ ಮಾಡ್ಬೇಕು ಸಾರ್, ಅದ್ರಲ್ಲಿ ಏನಾದ್ರೂ ಇದ್ಯಾ?" ಅಂತ ಕೇಳಿದ್ದರು. ನಾನು ಧೈರ್ಯವಾಗಿ "ಏನೂ ಇಲ್ಲ" ಅಂದಿದ್ದೆ. ಅಕ್ಕನ ಸೀಮಂತದ ಫೋಟೊಗಳು ಡೆಸ್ಕ್‌ಟಾಪಿನಲ್ಲಿದ್ದವು. ಅಕ್ಕ ಇವತ್ತಿಗೂ ವರ್ಷಕ್ಕೊಮ್ಮೆ ಅದನ್ನು ನೆನಪಿಸುತ್ತಾಳೆ.

ಹಾಗಾಗಿ ಫೈಲುಗಳನ್ನು ಮೊದಲು ಅಲ್ಲಿಂದ ಎತ್ತಿ. ಡಿ ಡ್ರೈವ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ 'ಡಾಕ್ಯುಮೆಂಟ್ಸ್' ಒಳಗೆ ಒಂದು ದೊಡ್ಡ ಫೋಲ್ಡರ್ ಮಾಡಿ. ಭಾವನಿಗೆ ನಾನು ಕೊಟ್ಟ ಹೆಸರು 'ಅಂಗಡಿ ಕೆಲಸ'. ಅದರೊಳಗೆ ಐದೇ ಫೋಲ್ಡರ್: ಲಗ್ನಪತ್ರಿಕೆ, ಅರ್ಜಿ, ಬಿಲ್ಲು, ಸ್ವಂತ, ಇನ್ನೂ ನೋಡಬೇಕು. ಜಾಸ್ತಿ ಮಾಡಬೇಡಿ. ಹದಿನೈದು ಫೋಲ್ಡರ್ ಮಾಡಿದರೆ ಯಾವ ಫೈಲು ಎಲ್ಲಿಗೆ ಅನ್ನುವುದೇ ದೊಡ್ಡ ಯೋಚನೆಯಾಗಿ, ನಾಳೆಯಿಂದ ಎಲ್ಲಾ ಮತ್ತೆ ಡೆಸ್ಕ್‌ಟಾಪಿಗೇ ಬರುತ್ತದೆ.

ಈಗ ಡೆಸ್ಕ್‌ಟಾಪಿಗೆ ಬಂದು, ಕಂಟ್ರೋಲ್ ಕೀ ಹಿಡಿದುಕೊಂಡು ಬಾಣವಿಲ್ಲದವನ್ನು ಒಂದೊಂದಾಗಿ ಕ್ಲಿಕ್ ಮಾಡಿ ಆರಿಸಿ. ಕಂಟ್ರೋಲ್ ಎಕ್ಸ್ ಒತ್ತಿ. ಫೋಲ್ಡರ್ ತೆರೆದು ಕಂಟ್ರೋಲ್ ವಿ ಒತ್ತಿ. ಗೊತ್ತಾಗದೇ ಇರುವುದನ್ನೆಲ್ಲ 'ಇನ್ನೂ ನೋಡಬೇಕು' ಒಳಗೆ ತಳ್ಳಿ. ಅಲ್ಲೇ ಕೂತು ಒಂದೊಂದನ್ನೂ ತೆರೆದು ನೋಡುತ್ತಾ ಹೋದರೆ ಸಂಜೆಯಾಗುತ್ತದೆ. ಹಳೇ ಫೋಟೊ ಸಿಕ್ಕಿ, ಅದನ್ನು ನಾಲ್ಕು ಜನಕ್ಕೆ ವಾಟ್ಸಾಪ್ ಮಾಡಿ, ಹೊರಟ ಕೆಲಸವೇ ಮರೆತುಹೋಗುತ್ತದೆ. ನನಗೆ ಆಗಿದೆ.

ಡಿ ಡ್ರೈವ್‌ಗೆ ಹಾಕಿದರೆ ಕ್ಷೇಮ ಅಂತ ನಿಶ್ಚಿಂತೆಯಾಗಿಯೂ ಇರಬೇಡಿ. ಸಾಮಾನ್ಯವಾಗಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು. ಫಾರ್ಮ್ಯಾಟಿನಿಂದ ಉಳಿಯಬಹುದು, ಡಿಸ್ಕೇ ಸತ್ತರೆ ಎರಡೂ ಹೋಗುತ್ತವೆ. ಮುಖ್ಯವಾದದ್ದರ ಇನ್ನೊಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಇರಲಿ.

ಒನ್‌ಡ್ರೈವ್ (ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಮೈಕ್ರೋಸಾಫ್ಟಿನ ಸೇವೆ) ಬ್ಯಾಕಪ್ ಆನ್ ಆಗಿದ್ದರೆ ಮಾತ್ರ ಸ್ವಲ್ಪ ಎಚ್ಚರ. ಆಗ ನಿಮ್ಮ ಡೆಸ್ಕ್‌ಟಾಪ್ ಒನ್‌ಡ್ರೈವ್ ಫೋಲ್ಡರಿನ ಒಳಗೇ ಇರುತ್ತದೆ. ಅಂಗಡಿಯಲ್ಲಿ ಡಿಲೀಟ್ ಮಾಡಿದ್ದು ಅದೇ ಅಕೌಂಟ್ ಇರುವ ಮನೆಯ ಲ್ಯಾಪ್‌ಟಾಪಿನಲ್ಲೂ ಡಿಲೀಟ್ ಆಗುತ್ತದೆ. ಪುಕ್ಕಟೆ ಸಿಗುವುದು 5 ಜಿಬಿ. ಮದುವೆ ವಿಡಿಯೊ ಒಂದನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟರೂ ಅದು ತುಂಬಿ "ಜಾಗ ಇಲ್ಲ" ಅಂತ ಗೋಳಾಡಲು ಶುರು ಮಾಡುತ್ತದೆ.

ಫೈಲಿಗೆ ಹೆಸರಿಡುವಾಗ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ ಹಾಕಿ. 2025-11-03 ಹೀಗೆ. ಹೆಸರಿನ ಪ್ರಕಾರ ಜೋಡಿಸಿದರೂ ತಾನಾಗಿಯೇ ತಾರೀಖಿನ ಪ್ರಕಾರ ನಿಲ್ಲುತ್ತವೆ. ಅದರ ಮುಂದೆ ಕನ್ನಡದಲ್ಲೇ 'ಲಗ್ನಪತ್ರಿಕೆ' ಅಂತ ಬರೆಯಬಹುದು. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಕನ್ನಡವಾದರೆ ವಿಂಡೋಸ್ ಅದನ್ನು ಹುಡುಕಿಯೂ ಕೊಡುತ್ತದೆ. ಡಿಟಿಪಿ ಮಾಡುವವರಿಗೆ ಇದು ಮುಖ್ಯ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಮ್‌ಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನ ಒಳಗಿರುವುದು ನಿಜಕ್ಕೂ ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಕನ್ನಡದ ವೇಷ ಹಾಕಿರುತ್ತದೆ. ಅದರೊಳಗೆ 'ಗೃಹಪ್ರವೇಶ' ಅಂತ ಹುಡುಕಿದರೆ ಸಿಗಲ್ಲ. ಫೈಲಿನ ಹೆಸರಾದರೂ ಯೂನಿಕೋಡಿನಲ್ಲಿದ್ದರೆ ಬಚಾವ್.

ಕೊನೆಗೆ 'ಅಂಗಡಿ ಕೆಲಸ' ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪಿನ್ ಟು ಕ್ವಿಕ್ ಆಕ್ಸೆಸ್' ಕೊಡಿ. ಇನ್ನು ಮೇಲೆ ವಿಂಡೋಸ್ ಕೀ ಜೊತೆ ಇ ಒತ್ತಿದರೆ ಎಡಗಡೆಯಲ್ಲೇ ಸಿಗುತ್ತದೆ.

ಈಗ ಬಾಣದವರ ಸರದಿ

ಶಾರ್ಟ್‌ಕಟ್‌ಗಳನ್ನು ಮೂರು ಗುಂಪು ಮಾಡಿಕೊಳ್ಳಿ. ದಿನಾ ಬೇಕು, ಆಗಾಗ ಬೇಕು, ಇದೇನಂತಲೇ ಗೊತ್ತಿಲ್ಲ. ಮೂರನೇ ಗುಂಪೇ ದೊಡ್ಡದಿರುತ್ತದೆ, ನೋಡಿ. ಭಾವನಲ್ಲಿ ಮೂರು ಪ್ರಿಂಟರುಗಳ ಶಾರ್ಟ್‌ಕಟ್ ಇದ್ದವು. ಅಂಗಡಿಯಲ್ಲಿ ಇರುವುದು ಒಂದೇ ಪ್ರಿಂಟರು. ಉಳಿದೆರಡು ಗುಜರಿಗೆ ಹೋಗಿ ಕಾಲವಾಗಿದೆ.

ಡಿಲೀಟ್ ಮಾಡುವ ಮುಂಚೆ ಒಂದು ಪರೀಕ್ಷೆ. ವಿಂಡೋಸ್ ಕೀ ಒತ್ತಿ, ಆ ಪ್ರೋಗ್ರಾಮಿನ ಹೆಸರಿನ ಎರಡು-ಮೂರು ಅಕ್ಷರ ಟೈಪ್ ಮಾಡಿ. ಪಟ್ಟಿಯಲ್ಲಿ ಬಂದರೆ ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಧಾರಾಳವಾಗಿ ತೆಗೆಯಿರಿ. ಬರದಿದ್ದರೆ ತಡೆಯಿರಿ. ಕೆಲವು ಪ್ರೋಗ್ರಾಮ್‌ಗಳು ಇನ್‌ಸ್ಟಾಲ್ ಆಗಿರುವುದಿಲ್ಲ, ಯಾವುದೋ ಫೋಲ್ಡರಿನಲ್ಲಿ ಹಾಗೇ ಇರುತ್ತವೆ. ಅವಕ್ಕೆ ಈ ಶಾರ್ಟ್‌ಕಟ್ ಒಂದೇ ಬಾಗಿಲು. ರೈಟ್ ಕ್ಲಿಕ್ ಮಾಡಿ 'ಓಪನ್ ಫೈಲ್ ಲೊಕೇಷನ್' ಒತ್ತಿದರೆ ಅದರ ಮನೆ ಎಲ್ಲಿದೆ ಅಂತ ತೋರಿಸುತ್ತದೆ. ಅಂಥದ್ದನ್ನು 'ಪಿನ್ ಟು ಸ್ಟಾರ್ಟ್' ಮಾಡಿಟ್ಟುಕೊಳ್ಳಿ.

ಕೆಲವನ್ನು ತೆಗೆಯಲು ಹೋದಾಗ ಅಡ್ಮಿನ್ ಅನುಮತಿ ಕೇಳುತ್ತದೆ. ಹೆದರಬೇಡಿ. ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಸೇರಿದ 'ಪಬ್ಲಿಕ್ ಡೆಸ್ಕ್‌ಟಾಪ್' ಅಂತ ಇನ್ನೊಂದು ಫೋಲ್ಡರ್ ಇದೆ. ನಿಮ್ಮ ಪರದೆಯಲ್ಲಿ ಕಾಣುವುದು ಆ ಎರಡೂ ಫೋಲ್ಡರುಗಳು ಸೇರಿದ ನೋಟ. ಅಲ್ಲಿಂದ ತೆಗೆದರೆ ಬೇರೆ ಅಕೌಂಟಿನವರಿಗೂ ಕಾಣಲ್ಲ. ಮನೆಯಲ್ಲಿ ಮಗಳಿಗೆ ಬೇರೆ ಲಾಗಿನ್ ಇದ್ದರೆ ಒಂದು ಮಾತು ಕೇಳಿ ತೆಗೆಯಿರಿ.

ಈ ಸಮಸ್ಯೆ ಹೊಸದೂ ಅಲ್ಲ. ಮೇಜಿನ ಮೇಲೆ ಕಾಗದ ಹರಡಿದ ಹಾಗೆ ಪರದೆಯ ಮೇಲೆ ಐಕಾನ್ ಹರಡುವ ಕಲ್ಪನೆಯನ್ನು ಜೆರಾಕ್ಸ್ ಕಂಪನಿ 1981ರಲ್ಲಿ 'ಸ್ಟಾರ್' ಎಂಬ ಕಂಪ್ಯೂಟರಿನಲ್ಲಿ ಮಾರುಕಟ್ಟೆಗೆ ತಂದಿತು. ಹೌದು, ಭಾವನ ಅಂಗಡಿಗೆ ಹೆಸರು ಕೊಟ್ಟ ಅದೇ ಜೆರಾಕ್ಸ್. ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ಮೈಕ್ರೋಸಾಫ್ಟಿಗೇ ಈ ರಾಶಿ ಸಾಕಾಗಿ, 60 ದಿನಕ್ಕೊಮ್ಮೆ "ನಿಮ್ಮ ಡೆಸ್ಕ್‌ಟಾಪಿನಲ್ಲಿ ಬಳಸದ ಐಕಾನ್‌ಗಳಿವೆ" ಅಂತ ಮೂಲೆಯಲ್ಲಿ ಬಲೂನ್ ಹಾರಿಸುವ ವ್ಯವಸ್ಥೆ ಇಟ್ಟಿತ್ತು. ನಾವೆಲ್ಲ ಅದನ್ನು ಮುಚ್ಚಿ ಮುಂದೆ ಹೋಗುತ್ತಿದ್ದೆವು, ನೆನಪಿದೆಯಾ?

ಟಾಸ್ಕ್‌ಬಾರಿನ ಮೊದಲ ಸಾಲು

ದಿನಾ ಬೇಕಾಗುವವು ಟಾಸ್ಕ್‌ಬಾರಿಗೆ, ಅಂದರೆ ಪರದೆಯ ಕೆಳಗಿರುವ ಉದ್ದ ಪಟ್ಟಿಗೆ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪಿನ್ ಟು ಟಾಸ್ಕ್‌ಬಾರ್' ಒತ್ತಿ. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒಳಗೆ ನೋಡಿ. ಪಿನ್ ಆದ ಮೇಲೆ ಡೆಸ್ಕ್‌ಟಾಪಿನದ್ದು ಬೇಕಿಲ್ಲ, ತೆಗೆದುಬಿಡಿ.

ಟಾಸ್ಕ್‌ಬಾರಿನ ನಿಜವಾದ ಲಾಭ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿ ಪಿನ್ ಮಾಡಿದವಕ್ಕೆ ಎಡದಿಂದ 1, 2, 3 ಅಂತ ನಂಬರ್ ಇದೆ. ಕಣ್ಣಿಗೆ ಕಾಣಲ್ಲ, ಆದರೆ ಇದೆ. ವಿಂಡೋಸ್ ಕೀ ಜೊತೆ 1 ಒತ್ತಿದರೆ ಮೊದಲನೆಯದು ತೆರೆಯುತ್ತದೆ. ಅದು ಆಗಲೇ ತೆರೆದಿದ್ದರೆ ಮುಂದೆ ಬಂದು ನಿಲ್ಲುತ್ತದೆ. 9ರವರೆಗೆ ಹೀಗೆ, ಹತ್ತನೆಯದಕ್ಕೆ 0. ಅದಕ್ಕೆ ಇಲ್ಲಿ ಸಾಲು ಮುಖ್ಯ. ಎಳೆದು ನಿಮಗೆ ಬೇಕಾದ ಕ್ರಮದಲ್ಲಿ ನಿಲ್ಲಿಸಿ. ಒಮ್ಮೆ ನಿಲ್ಲಿಸಿದ ಮೇಲೆ ಬದಲಾಯಿಸಬೇಡಿ. ಭಾವನಿಗೆ 1 ಕ್ರೋಮ್, 2 ಟ್ಯಾಲಿ, 3 ಸ್ಕ್ಯಾನರ್, 4 ಫೋಟೊಶಾಪ್, 5 ವರ್ಡ್. ಮೂರು ದಿನದಲ್ಲಿ ಬೆರಳಿಗೆ ಬಂತು. ಆರಕ್ಕಿಂತ ಜಾಸ್ತಿ ನನಗಂತೂ ನೆನಪಿರಲ್ಲ.

ಇನ್ನೊಂದು. ಟಾಸ್ಕ್‌ಬಾರಿನಲ್ಲಿ ಎಕ್ಸೆಲ್ ಇದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ. ಈಚೆಗೆ ತೆರೆದ ಫೈಲುಗಳ ಪಟ್ಟಿ ಬರುತ್ತದೆ. ದಿನಾ ಬೇಕಾಗುವ ಫೈಲಿನ ಪಕ್ಕದ ಪಿನ್ ಗುರುತು ಒತ್ತಿ. ಅದು ಪಟ್ಟಿಯ ಮೇಲ್ಗಡೆ ಖಾಯಂ ಆಗಿ ನಿಲ್ಲುತ್ತದೆ. "ಉದ್ರಿ ಲೆಕ್ಕ" ಎಂಬ ಎಕ್ಸೆಲ್ ಫೈಲನ್ನು ಡೆಸ್ಕ್‌ಟಾಪಿನ ನಟ್ಟನಡುವೆ ಇಟ್ಟುಕೊಂಡಿದ್ದ ಭಾವ, ಗಿರಾಕಿಗಳಿಗೆ ಅದು ಕಾಣದ ಹಾಗೆ ಅದರ ಮೇಲೆ ಬೇರೆ ಕಿಟಕಿ ತೆರೆದಿಟ್ಟಿರುತ್ತಿದ್ದರು. ಈಗ ಆ ಕಷ್ಟ ಇಲ್ಲ.

ಹೆಸರು ಹಿಡಿದು ಕರೆಯಿರಿ

ಆಗಾಗ ಬೇಕಾಗುವವಕ್ಕೆ ಐಕಾನೇ ಬೇಡ. ವಿಂಡೋಸ್ ಕೀ ಒತ್ತಿ, ಬಿಡಿ, ಟೈಪ್ ಮಾಡಿ, ಎಂಟರ್. ಹುಡುಕುವ ಡಬ್ಬಿಯ ಮೇಲೆ ಕ್ಲಿಕ್ ಮಾಡುವ ಅಗತ್ಯವೂ ಇಲ್ಲ. ಕ್ಯಾಲ್ಕ್ಯುಲೇಟರಿಗೆ ಇಂಗ್ಲಿಷಿನ ಸಿ, ಎ, ಎಲ್ ಮೂರಕ್ಷರ ಸಾಕು. ಪೇಂಟಿಗೆ ಪಿ, ಎ, ಐ. ಮೌಸ್ ಹಿಡಿದು, ಕಿಟಕಿ ಇಳಿಸಿ, ಐಕಾನ್ ಹುಡುಕಿ, ಡಬಲ್ ಕ್ಲಿಕ್ ಮಾಡುವಷ್ಟರಲ್ಲಿ ಇದು ತೆರೆದು ಕೂತಿರುತ್ತದೆ. ನನ್ನ ಕೇಳಿದರೆ ಇಡೀ ಲೇಖನದಲ್ಲಿ ಕಲಿಯಬೇಕಾದ ಒಂದು ಅಭ್ಯಾಸ ಇದೇ.

ತುಂಬಾ ಬೇಗ ಎಂಟರ್ ಒತ್ತಿದರೆ ಕೆಲವೊಮ್ಮೆ ಪ್ರೋಗ್ರಾಮ್ ಬದಲು ಇಂಟರ್ನೆಟ್ ಹುಡುಕಾಟದ ಪುಟ ತೆರೆಯುತ್ತದೆ. ಪಟ್ಟಿಯ ಮೇಲ್ಗಡೆ ನಿಮಗೆ ಬೇಕಾದ್ದೇ ಬಂದಿದೆಯಾ ಅಂತ ಅರೆಕ್ಷಣ ನೋಡಿ ಒತ್ತಿ.

ಕನ್ನಡದಲ್ಲಿ ಟೈಪ್ ಮಾಡುವ ನಮ್ಮಂಥವರಿಗೆ ಇಲ್ಲೊಂದು ಕಿರಿಕಿರಿ ಇದೆ. ಕೀಬೋರ್ಡ್ ಕನ್ನಡದಲ್ಲಿ ಇದ್ದಾಗ ವಿಂಡೋಸ್ ಕೀ ಒತ್ತಿ ವರ್ಡ್ ಹುಡುಕಲು ಹೋದರೆ ಡಬ್ಬಿಯಲ್ಲಿ ಏನೋ ಒತ್ತಕ್ಷರ ಮೂಡುತ್ತದೆ. ಏನೂ ಸಿಗಲ್ಲ. ಪ್ರೋಗ್ರಾಮೇ ಹೋಯ್ತು ಅಂತ ಗಾಬರಿ. ವಿಂಡೋಸ್‌ನ ಸ್ವಂತ ಕನ್ನಡ ಕೀಬೋರ್ಡ್ ಬಳಸುತ್ತಿದ್ದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ನುಡಿ, ಬರಹ ಬಳಸುವವರು ಅದರದೇ ಕೀ ಒತ್ತಿ ಮೊದಲು ಕನ್ನಡವನ್ನು ಆಫ್ ಮಾಡಿ.

ಹೀಗೆ ಫೈಲುಗಳನ್ನೂ ಕರೆಯಬಹುದು. ಆದರೆ ವಿಂಡೋಸ್ ಮಾಮೂಲಾಗಿ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಇಂಥ ಜಾಗಗಳನ್ನಷ್ಟೇ ಮುಂಚಿತವಾಗಿ ಓದಿಟ್ಟುಕೊಳ್ಳುತ್ತದೆ. ಡಿ ಡ್ರೈವ್ ಅದರ ಲೆಕ್ಕದಲ್ಲಿಲ್ಲ. ನಾವು ಈಗಷ್ಟೇ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆವಲ್ಲ! ಸೆಟ್ಟಿಂಗ್ಸ್ ತೆರೆದು, ಅಲ್ಲಿ 'ಸರ್ಚಿಂಗ್ ವಿಂಡೋಸ್' ಅಂತ ಹುಡುಕಿ, 'ಕ್ಲಾಸಿಕ್' ಬದಲು 'ಎನ್‌ಹ್ಯಾನ್ಸ್ಡ್' ಆರಿಸಿ. ಮೊದಲ ಸಲ ಓದಿ ಮುಗಿಸಲು ಸಮಯ ಬೇಕು, ರಾತ್ರಿ ಆನ್ ಇಟ್ಟು ಮಲಗಿ. ಹಳೇ, ನಿಧಾನದ ಕಂಪ್ಯೂಟರ್ ಆದರೆ ಇದರ ಬದಲು 'ಎವೆರಿಥಿಂಗ್' ಎಂಬ ಪುಟ್ಟ ಪುಕ್ಕಟೆ ಪ್ರೋಗ್ರಾಮ್ ಹಾಕಿಕೊಳ್ಳಿ. ಅದು ಫೈಲಿನ ಹೆಸರನ್ನು ಮಾತ್ರ ನೋಡುತ್ತದೆ. ಅದಕ್ಕೇ ಟೈಪ್ ಮಾಡುತ್ತಿರುವಾಗಲೇ ಪಟ್ಟಿ ಕೊಡುತ್ತದೆ. ನಾನು ಭಾವನಿಗೆ ಹಾಕಿಕೊಟ್ಟಿದ್ದು ಇದನ್ನೇ.

ಒಂದೆರಡು ಪ್ರೋಗ್ರಾಮಿಗೆ ಸ್ವಂತ ಕೀ ಕೊಡಬೇಕು ಅನಿಸಿದರೆ ಅದಕ್ಕೂ ದಾರಿ ಇದೆ. ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', ಅದರಲ್ಲಿ 'ಶಾರ್ಟ್‌ಕಟ್ ಕೀ' ಎಂಬ ಜಾಗದಲ್ಲಿ ಟಿ ಒತ್ತಿ. ಕಂಟ್ರೋಲ್ ಆಲ್ಟ್ ಟಿ ಅಂತ ತಾನೇ ತುಂಬಿಕೊಳ್ಳುತ್ತದೆ. ಆ ಶಾರ್ಟ್‌ಕಟ್ ಡೆಸ್ಕ್‌ಟಾಪಿನಲ್ಲಿ ಅಥವಾ ಸ್ಟಾರ್ಟ್ ಮೆನುವಿನ ಫೋಲ್ಡರಿನಲ್ಲಿ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಹಾಗಾಗಿ ಅದನ್ನು ಡಿಲೀಟ್ ಮಾಡಬೇಡಿ. 4ನೇ ನಂಬರನ್ನಂತೂ ಮುಟ್ಟಬೇಡಿ. ಇಂಡಿಯಾ ಇಂಗ್ಲಿಷ್ ಕೀಬೋರ್ಡಿನಲ್ಲಿ ಕಂಟ್ರೋಲ್ ಆಲ್ಟ್ 4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ. ಬಿಲ್ ಟೈಪ್ ಮಾಡುವಾಗ ರೂಪಾಯಿ ಹಾಕಲು ಹೋಗಿ ಫೋಟೊಶಾಪ್ ತೆರೆದರೆ ಚೆನ್ನಾಗಿರಲ್ಲ.

ಕೀಬೋರ್ಡ್ ಒಗ್ಗದವರಿಗೆ

ಎಲ್ಲರಿಗೂ ಇದೆಲ್ಲ ಬೇಕಾಗಿಲ್ಲ. ನಮ್ಮ ಅಮ್ಮ ಕಂಪ್ಯೂಟರ್ ಮುಟ್ಟುವುದು ಮೂರು ಕೆಲಸಕ್ಕೆ. ಅಮೆರಿಕದಲ್ಲಿರುವ ತಮ್ಮನ ಜೊತೆ ವಿಡಿಯೊ ಕಾಲ್, ಯೂಟ್ಯೂಬಿನಲ್ಲಿ ಹರಿಕಥೆ, ಮೊಮ್ಮಕ್ಕಳ ಫೋಟೊ. ಅವರಿಗೆ "ವಿಂಡೋಸ್ ಕೀ ಒತ್ತಿ ಟೈಪ್ ಮಾಡಮ್ಮ" ಅಂದರೆ ಕಂಪ್ಯೂಟರನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಡೆಸ್ಕ್‌ಟಾಪೇ ಸರಿ. ಆದರೆ ಮೂರೇ ಐಕಾನ್ ಇರಬೇಕು.

ಡೆಸ್ಕ್‌ಟಾಪಿನ ಮೇಲೆ ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿ. ಐಕಾನ್‌ಗಳು ದೊಡ್ಡದಾಗುತ್ತವೆ. ಒಂದೊಂದನ್ನೂ ಆರಿಸಿ ಎಫ್2 ಒತ್ತಿ ಹೆಸರನ್ನು ಕನ್ನಡದಲ್ಲಿ ಬದಲಿಸಿ. ಅಮ್ಮನ ಪರದೆಯಲ್ಲಿ ಈಗ 'ತಮ್ಮನ ಫೋನು', 'ಹರಿಕಥೆ', 'ಫೋಟೊ' ಅಂತ ಇದೆ. ರೈಟ್ ಕ್ಲಿಕ್ ಮಾಡಿ 'ವ್ಯೂ' ಒಳಗೆ 'ಆಟೊ ಅರೇಂಜ್ ಐಕಾನ್ಸ್' ಮೇಲೆ ಟಿಕ್ ಹಾಕಿ. ಮೌಸ್ ಜಾರಿ ಎಳೆದರೂ ಐಕಾನ್ ಎಲ್ಲೋ ಹೋಗಿ ಕಳೆದುಹೋಗಲ್ಲ.

ಅದೇ 'ವ್ಯೂ' ಒಳಗೆ 'ಶೋ ಡೆಸ್ಕ್‌ಟಾಪ್ ಐಕಾನ್ಸ್' ಅಂತಲೂ ಒಂದಿದೆ. ಟಿಕ್ ತೆಗೆದರೆ ಎಲ್ಲಾ ಐಕಾನ್ ಮಾಯ. ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಮಾಡುವ ಮುಂಚೆ ಒಳ್ಳೇ ಉಪಾಯ. ಆದರೆ ಅದನ್ನೇ ಮದ್ದು ಅಂದುಕೊಂಡರೆ ಕಸವನ್ನು ಮಂಚದ ಕೆಳಗೆ ಗುಡಿಸಿದ ಹಾಗೆ. ಕೆಲವರಿಗೆ ಗೊತ್ತಿಲ್ಲದೆ ಈ ಟಿಕ್ ಹೋಗಿ, "ನನ್ನ ಫೈಲೆಲ್ಲ ಡಿಲೀಟ್ ಆಯ್ತು" ಅಂತ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡುತ್ತಾರೆ. ಮೊದಲು ಅಲ್ಲಿ ನೋಡಿ.

ಮ್ಯಾಕ್ ಇರುವವರಿಗೆ ಕಮ್ಯಾಂಡ್ ಜೊತೆ ಸ್ಪೇಸ್ ಒತ್ತಿದರೆ ಸ್ಪಾಟ್‌ಲೈಟ್ ಬರುತ್ತದೆ, ಇದೇ ಕೆಲಸ. ಡೆಸ್ಕ್‌ಟಾಪಿನಲ್ಲಿ ರೈಟ್ ಕ್ಲಿಕ್ ಮಾಡಿ 'ಯೂಸ್ ಸ್ಟಾಕ್ಸ್' ಕೊಟ್ಟರೆ ಫೈಲುಗಳು ಜಾತಿವಾರು ಗುಡ್ಡೆಯಾಗಿ ಕೂರುತ್ತವೆ. 2018ರಿಂದ ಈ ಸೌಲಭ್ಯ ಇದೆ. ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಅದೇ ಕೀ ಒತ್ತಿ ಹೆಸರು ಟೈಪ್ ಮಾಡಿ.

ಮತ್ತೆ ತುಂಬದ ಹಾಗೆ

ಶುಚಿ ಮಾಡಿದ ಡೆಸ್ಕ್‌ಟಾಪ್ ಎರಡೇ ವಾರದಲ್ಲಿ ಮತ್ತೆ ತುಂಬುತ್ತದೆ. ಎಲ್ಲಿಂದ ಬರುತ್ತದೆ ಅಂತ ನೋಡಿ ಅಲ್ಲೇ ತಡೆಯಬೇಕು. ಭಾವನ ಅಂಗಡಿಯಲ್ಲಿ ಮುಖ್ಯ ಕಳ್ಳ ಸ್ಕ್ಯಾನರ್. ಪ್ರತಿ ಸ್ಕ್ಯಾನನ್ನೂ ನೇರ ಡೆಸ್ಕ್‌ಟಾಪಿಗೆ ಹಾಕುವಂತೆ ಯಾರೋ ಸೆಟ್ ಮಾಡಿಟ್ಟಿದ್ದರು. ಸ್ಕ್ಯಾನರ್ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ಸೇವ್ ಆಗುವ ಜಾಗವನ್ನು 'ಅಂಗಡಿ ಕೆಲಸ' ಒಳಗಿನ 'ಅರ್ಜಿ' ಫೋಲ್ಡರಿಗೆ ತಿರುಗಿಸಿದೆ. ಬ್ರೌಸರಿನ ಡೌನ್‌ಲೋಡ್ ಜಾಗವನ್ನೂ ಹೀಗೇ ನೋಡಿ. ಹೊಸ ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡುವಾಗ 'ಕ್ರಿಯೇಟ್ ಡೆಸ್ಕ್‌ಟಾಪ್ ಐಕಾನ್' ಅಂತ ಕೇಳಿದರೆ ಟಿಕ್ ತೆಗೆಯಿರಿ. ನೆಕ್ಸ್ಟ್, ನೆಕ್ಸ್ಟ್ ಅಂತ ಕಣ್ಣುಮುಚ್ಚಿ ಒತ್ತುವ ಚಾಳಿ ನಮಗೆಲ್ಲ ಇದೆ.

"ಐಕಾನ್ ಜಾಸ್ತಿ ಆಗಿದ್ದಕ್ಕೇ ಕಂಪ್ಯೂಟರ್ ಸ್ಲೋ ಆಗಿತ್ತು ಅಲ್ವಾ?" ಅಂತ ಭಾವ ಕೇಳಿದರು. ಅಲ್ಲ. ಆನ್ ಮಾಡಿದ ತಕ್ಷಣ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮ್‌ಗಳು ಅದಕ್ಕೆ ದೊಡ್ಡ ಕಾರಣ. ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ 'ಸ್ಟಾರ್ಟಪ್' ತೆರೆದು, ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ಪ್ರೋಗ್ರಾಮ್ ಹೋಗಲ್ಲ, ಕರೆದಾಗ ಬರುತ್ತದೆ ಅಷ್ಟೇ. ಆ್ಯಂಟಿವೈರಸ್ ಮತ್ತು ಕನ್ನಡ ಟೈಪಿಂಗಿನದ್ದನ್ನು ಮಾತ್ರ ಬಿಡಿ.

ಅಂಗಡಿ ನಡೆಸುವವರಿಗೆ ಇನ್ನೊಂದು ಮಾತು. ಗಿರಾಕಿಗಳ ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್‌ಗಳ ಸ್ಕ್ಯಾನ್ ಡೆಸ್ಕ್‌ಟಾಪಿನಲ್ಲಿ ಬಿದ್ದಿದ್ದರೆ ಕೌಂಟರಿನಲ್ಲಿ ನಿಂತ ಯಾರಿಗೂ ಕಾಣುತ್ತದೆ. ಭಾವನಲ್ಲಿ ಅರವತ್ತಕ್ಕೂ ಹೆಚ್ಚಿದ್ದವು. ಕೆಲಸ ಮುಗಿದ ದಿನವೇ ತೆಗೆದುಬಿಡಿ. ಬರೀ ಡಿಲೀಟ್ ಒತ್ತಿದರೆ ರಿಸೈಕಲ್ ಬಿನ್ನಿನಲ್ಲಿ ಉಳಿದಿರುತ್ತದೆ. ಅದನ್ನೂ ಖಾಲಿ ಮಾಡಿ, ಇಲ್ಲವೇ ಶಿಫ್ಟ್ ಜೊತೆ ಡಿಲೀಟ್ ಒತ್ತಿ. ಶಿಫ್ಟ್ ಡಿಲೀಟ್ ಮಾಡಿದ್ದು ಸುಲಭಕ್ಕೆ ವಾಪಸ್ ಬರಲ್ಲ, ಎರಡು ಸಲ ನೋಡಿ ಒತ್ತಿ.

ಭಾವ ಊಟ ಮುಗಿಸಿ ಬಂದು ಪರದೆ ನೋಡಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ದೇವರ ಮುಖ ಕಾಣ್ತಿದೆ" ಅಂದರು. ಅದಾದ ಮೇಲೆ, "ನನ್ನ ಟ್ಯಾಲಿ ಎಲ್ಲಿ?"

"ವಿಂಡೋಸ್ ಕೀ, ಎರಡು, ಭಾವ."

ಸಂಕ್ರಾಂತಿಗೆ ಹೋದಾಗ ಮತ್ತೆ ಎಣಿಸಿದೆ. 11 ಐಕಾನ್. ಅದರಲ್ಲಿ 'ನ್ಯೂ ಫೋಲ್ಡರ್ (3)' ಅಂತ ಒಂದಿತ್ತು. ತೆರೆಯಲು ಹೋದೆ. "ಅದನ್ನ ಮಾತ್ರ ಮುಟ್ಬೇಡ" ಅಂದರು.